ತಾಳೆಗರಿಯ ಮಖಮಲ್ಲು

ಕುಬಾ ಜನರಲ್ಲಿ ಮನೆತನದ ಅತ್ಯುತ್ತಮ ಬಟ್ಟೆ ಕೊನೆಗೆ ಸೇರುವುದು ಮಣ್ಣನ್ನು. ಗಂಡಸರು ನೇಯ್ದು, ಹೆಂಗಸರು ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಕೂತು ಕಸೂತಿ ಹಾಕಿದ ಉಡುಗೆ ಹಬ್ಬದ ಕುಣಿತಕ್ಕೆ ಒಮ್ಮೊಮ್ಮೆ ಹೊರಗೆ ಬರುತ್ತದೆ. ಮಿಕ್ಕ ದಿನಗಳಲ್ಲಿ ಮಡಿಸಿಟ್ಟಲ್ಲೇ ಇರುತ್ತದೆ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಬಂಧುಗಳೆಲ್ಲ ಸೇರಿ, ಯಾವುದನ್ನು ಉಡಿಸುವುದು ಎಂದು ಮಾತಾಡಿಕೊಂಡು, ಅದನ್ನು ಹೊರತೆಗೆದು ಹೆಣಕ್ಕೆ ಸುತ್ತಿ ಹೂಳುತ್ತಾರೆ. ಲಂಡನ್, ಬ್ರಸೆಲ್ಸ್, ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯಗಳಲ್ಲಿ ಇಂದು ಗಾಜಿನ ಹಿಂದೆ ಕಾಣುವುದು ಹೀಗೆ ಹೂಳದೆ ಉಳಿದ ಬಟ್ಟೆಗಳು, ಇಲ್ಲವೇ ಹೊರಗಿನವರಿಗೆ ಮಾರಲೆಂದೇ ಮಾಡಿದ ತುಂಡುಗಳು. ಅವನ್ನು ಚಿತ್ರಗಳ ಹಾಗೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿರುತ್ತಾರೆ. ನೋಡಿದವರು ಬೆರಗಾಗುತ್ತಾರೆ, ಆಧುನಿಕ ಚಿತ್ರಕಲೆಯ ಹಾಗಿದೆ ಎನ್ನುತ್ತಾರೆ. ಆ ಬೆರಗು ಸುಳ್ಳಲ್ಲ. ಆದರೆ ಗೋಡೆಯಿಂದ ಇಳಿಸಿ ಸೊಂಟಕ್ಕೆ ಸುತ್ತಿ ನೋಡದ ಹೊರತು ಈ ಬಟ್ಟೆಯ ಅರ್ಧದಷ್ಟೂ ನಮಗೆ ಸಿಕ್ಕುವುದಿಲ್ಲ.

ಕುಬಾ ಸೀಮೆ ಇರುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ದಕ್ಷಿಣ ಮಧ್ಯಭಾಗದಲ್ಲಿ. ಕಸಾಯ್, ಸಂಕುರು, ಲುಲುವಾ ನದಿಗಳು ಅದನ್ನು ಸುತ್ತುವರಿದಿವೆ. ಒಂದೆಡೆ ದಟ್ಟ ಮಳೆಕಾಡು, ಇನ್ನೊಂದೆಡೆ ಹುಲ್ಲುಗಾವಲು. ಕುಬಾ ಎಂದರೆ ಒಂದೇ ಬುಡಕಟ್ಟಲ್ಲ. ಬುಶೂಂಗ್, ಶೋವಾ, ನ್‌ಗೇಂಡೆ, ನ್‌ಗೊಂಗೊ, ಕೆಟೆ, ಪ್ಯಾಂಗ್ ಹೀಗೆ ಹದಿನೈದಕ್ಕೂ ಹೆಚ್ಚು ಸಮುದಾಯಗಳ ಒಕ್ಕೂಟ ಅದು. ಬುಶೂಂಗರಿಂದ ಬಂದ ರಾಜ ಎಲ್ಲರಿಗೂ ಒಡೆಯ. ಅವನನ್ನು ‘ನ್ಯಿಮ್’ ಎನ್ನುತ್ತಾರೆ. ರಾಜಧಾನಿ ಮುಶೆಂಗೆ. ಕಾಂಗೋದಲ್ಲಿ ಎಷ್ಟೋ ಆಡಳಿತಗಳು ಬಂದುಹೋದರೂ ಈ ಅರಸೊತ್ತಿಗೆ ಅಳಿದಿಲ್ಲ. ಮೂರನೆಯ ಕೋಟ್ ಅಂಬ್ವೀಕಿ 1969ರಲ್ಲಿ ಪಟ್ಟಕ್ಕೆ ಬಂದರು.

ಈ ನಾಡಿಗೆ ಬರೆದಿಟ್ಟ ಹಳೆಯ ಇತಿಹಾಸವಿಲ್ಲ, ಹೇಳಿಕೊಂಡು ಬಂದ ಇತಿಹಾಸವಿದೆ. ಬೆಲ್ಜಿಯಂನ ಇತಿಹಾಸಕಾರ ಯಾನ್ ವಾನ್ಸಿನಾ 1953ರಲ್ಲಿ ಇಲ್ಲಿಗೆ ಬಂದು, ಹಿರಿಯರ ಬಾಯಲ್ಲಿದ್ದ ರಾಜಾವಳಿಯನ್ನು ಬರೆದುಕೊಂಡರು. ಒಬ್ಬ ಅರಸನ ಕಾಲದಲ್ಲಿ ಸೂರ್ಯಗ್ರಹಣವಾಗಿತ್ತು ಎಂಬ ನೆನಪನ್ನು ಹಿಡಿದು, ಅದು 1680ರ ಗ್ರಹಣವಿರಬೇಕೆಂದು ಲೆಕ್ಕ ಹಾಕಿ ಕಾಲಾನುಕ್ರಮ ಕಟ್ಟಿದರು. ಬಾಯಿಮಾತಿನ ಪರಂಪರೆಯನ್ನೂ ಇತಿಹಾಸದ ಆಕರವೆಂದು ಗಂಭೀರವಾಗಿ ನೋಡುವ ಕ್ರಮಕ್ಕೆ ಅವರ ಕೆಲಸ ಜಗತ್ತಿನಾದ್ಯಂತ ದಾರಿ ಮಾಡಿತು. ಆ ಪರಂಪರೆ ಹೇಳುವಂತೆ, ರಾಜ್ಯವನ್ನು ಗಟ್ಟಿಗೊಳಿಸಿದವನು ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ಶ್ಯಾಮ್ ಅಂಬುಲ್ ಅಂಗೂಂಗ್. ಪಡುವಣ ನಾಡುಗಳಲ್ಲಿ ಸುತ್ತಾಡಿ ಬಂದ ಅವನು ಹೊಸ ಬೆಳೆಗಳನ್ನು, ಹೊಸ ಆಡಳಿತ ಪದ್ಧತಿಗಳನ್ನು ತಂದನಂತೆ. ತಾಳೆನಾರಿನ ನೇಯ್ಗೆ ಮತ್ತು ಕಸೂತಿ ಪೆಂಡೆ ಜನರಿಂದ ಅವನ ಮೂಲಕವೇ ಬಂದವೆಂದು ಕುಬಾ ಜನ ಹೇಳುತ್ತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಅವನ ಹೆಸರಿನ ಮರದ ವಿಗ್ರಹವಿದೆ. ಚಕ್ಕಳಮಕ್ಕಳ ಹಾಕಿ ಕೂತ ಅರಸನ ಮುಂದೆ ಕೆತ್ತಿರುವುದು ಅಳಗುಳಿಮಣೆಯನ್ನು.

ನಾರು, ಮಗ್ಗ, ಒರಳು

ಬಟ್ಟೆಯ ಮೂಲ ರಾಫಿಯಾ ತಾಳೆ. ಈ ಮರದ ಗರಿಗಳು ಭಾರೀ ಉದ್ದ. ಸುಳಿಯಲ್ಲಿರುವ ಎಳೆಯ ಗರಿ ಬಿಚ್ಚಿಕೊಳ್ಳುವ ಮೊದಲೇ ಅದನ್ನು ಕಡಿದು ತರುತ್ತಾರೆ. ಸೀಳೆಲೆಯ ಮೇಲ್ಪದರವನ್ನು ತೆಳ್ಳಗೆ ಸುಲಿದು, ಬಿಸಿಲಿಗೆ ಒಣಗಿಸಿ, ಬೆರಳಿನಿಂದಲೋ ಬಾಚಣಿಗೆಯಂಥ ಸಾಧನದಿಂದಲೋ ಸಣ್ಣ ಎಳೆಗಳಾಗಿ ಸೀಳುತ್ತಾರೆ. ಹತ್ತಿಯ ಹಾಗೆ ಇದನ್ನು ನೂಲುವುದಿಲ್ಲ, ಹುರಿಮಾಡಿ ಒಂದಕ್ಕೊಂದು ಜೋಡಿಸುವುದೂ ಇಲ್ಲ. ಎಲೆ ಎಷ್ಟು ಉದ್ದವೋ ಎಳೆ ಅಷ್ಟೇ ಉದ್ದ. ಆದ್ದರಿಂದ ಮಗ್ಗದಿಂದ ಇಳಿಯುವ ತುಂಡು ಒಂದು ಮೀಟರಿನ ಆಸುಪಾಸನ್ನು ಮೀರುವುದಿಲ್ಲ. ಸೀರೆಯಷ್ಟು ಉದ್ದದ ಬಟ್ಟೆ ಬೇಕೆಂದರೆ ಇಂಥ ಎಷ್ಟೋ ಚೌಕಗಳನ್ನು ಸೇರಿಸಿ ಹೊಲಿಯಲೇಬೇಕು. ಕುಬಾ ಉಡುಗೆಯ ಚೆಲುವಿಗೆಲ್ಲ ಮರ ಹಾಕಿದ ಈ ಗೆರೆಯೇ ಬುನಾದಿ: ಜೋಡಣೆ ತಪ್ಪಿಸಲಾಗದು ಎಂದಾಗ ಜೋಡಣೆಯನ್ನೇ ಅಲಂಕಾರ ಮಾಡಿಕೊಂಡರು.

ನೇಯುವವರು ಗಂಡಸರು, ಗಂಡಸರು ಮಾತ್ರ. ಮಗ್ಗ ಓರೆಯಾಗಿ ನಿಂತಿರುತ್ತದೆ. ನೇಕಾರ ಅದರ ಕೆಳಗೆ ಕೂತು, ಹಾಸಿನ ಎಳೆಗಳನ್ನು ಒಂದು ಬಿಟ್ಟು ಒಂದು ಎತ್ತುವ ಒಂದೇ ಕೋಲಿನಿಂದ ಸಾದಾ ನೇಯ್ಗೆ ಹಾಕುತ್ತಾನೆ. ಇಳಿಸಿದ ಬಟ್ಟೆ ಒರಟು, ಗೋಣಿಯಷ್ಟೇ ಬಿರುಸು. ಅಲ್ಲಿಂದ ಮುಂದೆ ಹೆಂಗಸರ ಕೈ. ನೀರಿನಲ್ಲಿ ನೆನೆಸಿ, ಒರಳಲ್ಲಿ ಹಾಕಿ ಕುಟ್ಟಿ, ಉಜ್ಜಿ, ಒಣಗಿಸಿ, ಮತ್ತೆ ಕುಟ್ಟಿ ಅದನ್ನು ಮೆತ್ತಗೆ ಮಾಡುತ್ತಾರೆ. ಹದಗೊಂಡ ಬಟ್ಟೆ ಲಿನನ್ನಿನಷ್ಟು ಮಿದುವಾಗಿ ಮೈಗೆ ಒಗ್ಗುತ್ತದೆ.

ಕುಟ್ಟುವಾಗ ಬಟ್ಟೆ ಅಲ್ಲಲ್ಲಿ ಹರಿಯುತ್ತದೆ. ಹರಿದ ಕಡೆ ತೇಪೆ ಹಾಕಬೇಕು. ಬುಶೂಂಗ್ ಹೆಂಗಸರ ಲಂಗಗಳಲ್ಲಿ ಕಾಣುವ ತೇಪೆಗಳ ವಿಚಿತ್ರ ಆಕಾರಗಳು, ಅಂದರೆ ಬಾಲ ಮಡಚಿಕೊಂಡಂಥವು, ಕೊಕ್ಕೆಯಂಥವು, ಅರ್ಧ ಚಂದ್ರದಂಥವು, ಹೀಗೇ ಹುಟ್ಟಿರಬೇಕೆಂದು ಹಲವು ವಿದ್ವಾಂಸರ ಊಹೆ. ಮೊದಲು ತೂತು ಮುಚ್ಚಲು ಒಂದು ತುಂಡು. ಅದು ಒಂಟಿಯಾಗಿ ಕಾಣಬಾರದೆಂದು ಪಕ್ಕದಲ್ಲಿ ಇನ್ನೊಂದು, ಆಮೇಲೆ ತೂತಿಲ್ಲದ ಕಡೆಯಲ್ಲೂ ಮತ್ತೊಂದು. ನೋಡನೋಡುತ್ತ ಆರೇಳು ಮೀಟರ್ ಉದ್ದಕ್ಕೂ ತೇಪೆಗಳು ಕುಣಿಯತೊಡಗುತ್ತವೆ. ಬಿಳಿಚು ಬಟ್ಟೆಯ ಮೇಲೆ ಅದೇ ಬಣ್ಣದ ತೇಪೆ, ಸುತ್ತ ಕಪ್ಪು ದಾರದ ಅಂಚುಹೊಲಿಗೆ. ಎರಡು ತೇಪೆ ಒಂದೇ ಥರ ಇರುವುದಿಲ್ಲ, ಎರಡು ತೇಪೆಗಳ ನಡುವಿನ ಅಂತರವೂ ಒಂದೇ ಅಲ್ಲ. ಈ ಲಂಗಗಳ ಮುಂದೆ ನನಗೆ, ಮುಂದೆ ಹೇಳಲಿರುವ ಮಖಮಲ್ಲಿನ ತುಂಡುಗಳೂ ಎರಡನೆಯ ಸ್ಥಾನಕ್ಕೆ ಇಳಿಯುತ್ತವೆ ಎಂದು ಹೇಳದೆ ಇರಲಾರೆ.

ಬಣ್ಣ ಮೂರು ನಾಲ್ಕೇ. ನಾರಿನ ಸಹಜ ಹೊಂಬಣ್ಣ, ಕಪ್ಪು, ಹಳದಿ, ಎಲ್ಲಕ್ಕೂ ಮೇಲಾಗಿ ಕೆಂಪು. ಈ ಕೆಂಪು ಬರುವುದು ಟುಕುಲಾ ಎಂಬ ಮರದ ಚೇಗಿನಿಂದ. ನಮ್ಮ ಹೊನ್ನೆ, ರಕ್ತಚಂದನಗಳು ಸೇರಿದ ಕುಲದ್ದೇ ಮರ ಅದು. ಚೇಗನ್ನು ಅರೆದು ಪುಡಿಮಾಡಿ ಬಟ್ಟೆಗೆ ಹಚ್ಚುತ್ತಾರೆ, ಎಣ್ಣೆಯಲ್ಲಿ ಕಲಸಿ ಮೈಗೂ ಬಳಿಯುತ್ತಾರೆ, ಹೆಣಕ್ಕೂ ಲೇಪಿಸುತ್ತಾರೆ. ಅದೇ ಪುಡಿಯನ್ನು ಮುದ್ದೆ ಕಟ್ಟಿ, ಮೇಲೆ ಕೆತ್ತನೆ ಮಾಡಿ, ಸಾವಿನ ಮನೆಯಲ್ಲಿ ಕಾಣಿಕೆಯಾಗಿ ಹಂಚುವ ಪದ್ಧತಿಯೂ ಇದೆ. ಅಂದರೆ ಬಣ್ಣ ಇಲ್ಲಿ ಬರೀ ಅಂದಕ್ಕಲ್ಲ. ಕೆಂಪು ಎಲ್ಲಿದೆಯೋ ಅಲ್ಲಿ ಮಂಗಲ, ಸಿರಿ, ಸಾವು ಮೂರೂ ಒಟ್ಟಿಗಿವೆ.

ಸೂಜಿ ಮತ್ತು ಚಾಕು

ಜಗತ್ತಿಗೆ ಕುಬಾ ಹೆಸರು ತಿಳಿದಿರುವುದು ‘ಕಸಾಯ್ ಮಖಮಲ್ಲು’ ಎಂಬ ಕತ್ತರಿಸು ಕಸೂತಿಯಿಂದ. ಇದರಲ್ಲಿ ಹೆಚ್ಚು ಹೆಸರು ಮಾಡಿದವರು ಶೋವಾ ಹೆಂಗಸರು. ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಹೆಣ್ಣುಮಗಳು ಮೊದಲು ನಾರನ್ನು ಕೂದಲಿನಷ್ಟು ಸಣ್ಣಗೆ ಸೀಳಿಕೊಂಡು, ಅಂಗೈಯಲ್ಲಿ ಹೊಸೆದು ಮೆತ್ತಗೆ ಮಾಡುತ್ತಾಳೆ. ಒಂದು ಎಳೆಯನ್ನು ಸೂಜಿಗೆ ಪೋಣಿಸುತ್ತಾಳೆ. ಬಟ್ಟೆಯ ಹಾಸು ಹೊಕ್ಕುಗಳು ಕೂಡುವ ಒಂದು ಕಡೆ, ಎಳೆಯ ಅಡಿಯಲ್ಲಿ ಸೂಜಿ ತೂರಿಸಿ ಮೇಲೆಳೆಯುತ್ತಾಳೆ. ಪೂರ್ತಿ ಎಳೆಯುವುದಿಲ್ಲ. ಹಿಂದಿನ ತುದಿ ಎರಡು ಮೂರು ಮಿಲಿಮೀಟರಿನಷ್ಟು ಬಟ್ಟೆಯ ಮೇಲೆ ಉಳಿದಾಗ ನಿಲ್ಲಿಸುತ್ತಾಳೆ. ಅದೇ ಕೈಯ ಬೆರಳುಗಳ ನಡುವೆ ಒಂದು ಪುಟ್ಟ ಹರಿತವಾದ ಚಾಕು ನೆಟ್ಟಗೆ ನಿಂತಿರುತ್ತದೆ. ಅದರಿಂದ ಮುಂದಿನ ತುದಿಯನ್ನೂ ಅಷ್ಟೇ ಎತ್ತರಕ್ಕೆ ಕೊಯ್ಯುತ್ತಾಳೆ. ಈಗ ಬಟ್ಟೆಯ ಮೇಲೆ ಎರಡು ಸಣ್ಣ ಕುಚ್ಚು. ಗಂಟಿಲ್ಲ. ನೇಯ್ಗೆಯ ಬಿಗಿಯೇ ಅದನ್ನು ಹಿಡಿದುಕೊಂಡಿರುತ್ತದೆ. ಬಟ್ಟೆಯ ಹಿಂಬದಿಗೆ ಹೊಲಿಗೆ ಹಾಯುವುದೇ ಇಲ್ಲ, ಆದ್ದರಿಂದ ತಿರುಗಿಸಿ ನೋಡಿದರೆ ಹಿಂದೆ ಏನೂ ನಡೆದಿಲ್ಲವೆಂಬಂತೆ ಬರೀ ನೇಯ್ಗೆ. ಹೀಗೆ ಒಂದರ ಪಕ್ಕ ಒಂದು, ಸಾವಿರಾರು ಸಲ. ಕೊನೆಯಲ್ಲಿ ಚಾಕುವಿನ ಅಲಗನ್ನೋ ಕೈಯನ್ನೋ ಮೇಲೆ ಆಡಿಸಿ ತುದಿಗಳನ್ನು ಬಿಡಿಸಿದಾಗ ಅವು ಅರಳಿ ಒತ್ತಾಗಿ ನಿಲ್ಲುತ್ತವೆ. ಅದೇ ಮಖಮಲ್ಲು. ಕುಚ್ಚಿನ ಬಯಲುಗಳ ನಡುವೆ ಗೆರೆಗಳಾಗಿ ಸಾಗುವುದು ಬೇರೆ ಹೊಲಿಗೆ, ಕತ್ತರಿಸದೆ ಬಿಟ್ಟ ಸಾಲು. ಎರಡರ ಎತ್ತರ ಬೇರೆ, ಹೊಳಪು ಬೇರೆ. ಓರೆ ಬೆಳಕಿನಲ್ಲಿ ಹಿಡಿದರೆ ಒಂದೇ ಬಣ್ಣದ ಬಟ್ಟೆಯಲ್ಲೂ ವಿನ್ಯಾಸ ಎದ್ದು ಬರುತ್ತದೆ.

ಇದಕ್ಕೆಲ್ಲ ಮೊದಲು ಬಟ್ಟೆಯ ಮೇಲೆ ಯಾರೂ ನಕ್ಷೆ ಬರೆದುಕೊಟ್ಟಿರುವುದಿಲ್ಲ. ನಮ್ಮ ಧಾರವಾಡ ಕಡೆಯ ಕಸೂತಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾದೀತು: ಅಲ್ಲೂ ನಕ್ಷೆ ಇಲ್ಲ, ಗಂಟಿಲ್ಲ, ಎಳೆ ಎಣಿಸಿ ಹೊಲಿಯುವುದೇ ಕ್ರಮ. ಆದರೆ ಕಸೂತಿಯ ಗೋಪುರ ಎಡಕ್ಕೂ ಬಲಕ್ಕೂ ಸರಿಸಮ ಬಂದರೇ ಸರಿ. ಕುಬಾ ಹೆಂಗಸು ಹಾಗೆ ಮಾಡುವುದಿಲ್ಲ. ಒಂದು ಮೂಲೆಯಲ್ಲಿ ಹೆಣೆದ ಬಳ್ಳಿಯಂಥ ವಿನ್ಯಾಸ ಶುರುವಾಗುತ್ತದೆ. ಸ್ವಲ್ಪ ದೂರ ಅದು ಶಿಸ್ತಾಗಿ ನಡೆಯುತ್ತದೆ. ಆಮೇಲೆ ಗೆರೆ ದಪ್ಪಗಾಗುತ್ತದೆ, ಕೋನ ಸ್ವಲ್ಪ ವಾಲುತ್ತದೆ, ವಜ್ರಾಕೃತಿಯೊಂದು ಅರ್ಧಕ್ಕೇ ನಿಂತು ಅದರ ಒಡಲಿನಿಂದ ಮತ್ತೊಂದು ವಿನ್ಯಾಸ ಹೊರಡುತ್ತದೆ. ಇನ್ನೊಂದು ಮೂಲೆ ಮುಟ್ಟುವ ಹೊತ್ತಿಗೆ ಅದು ಬೇರೆಯದೇ ಬಟ್ಟೆ. ಮೊದಮೊದಲು ನೋಡಿದ ಯುರೋಪಿನವರು ಇದನ್ನು ಕೈತಪ್ಪು ಎಂದುಕೊಂಡದ್ದುಂಟು. ಆದರೆ ಇದು ಪಳಗಿದ ಕೈಯ ಧೈರ್ಯ. ನಿಯಮ ಚೆನ್ನಾಗಿ ಗೊತ್ತಿದ್ದವಳು ಮಾತ್ರ ಇಷ್ಟು ನಿರಾತಂಕವಾಗಿ ಅದರಿಂದ ಹೊರಗೆ ಹೆಜ್ಜೆ ಇಡಬಲ್ಲಳು.

ವಿನ್ಯಾಸಗಳ ನಾಡು

ಕುಬಾ ಜನ ಏನನ್ನೂ ಬರಿದಾಗಿ ಬಿಡುವುದಿಲ್ಲ. ಮನೆಯ ಹೆಣಿಗೆ ಗೋಡೆ, ಮರದ ಬಟ್ಟಲು, ಪೆಟ್ಟಿಗೆ, ನಗಾರಿ, ಹೆಂಗಸರ ಮೈಮೇಲಿನ ಹಚ್ಚೆ ಎಲ್ಲೆಲ್ಲೂ ಅದೇ ಹೆಣೆದ ಗೆರೆಗಳು. ಹಂಗೆರಿಯ ಎಮಿಲ್ ಟೋರ್ಡೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಲ್ಲಿ ತಿರುಗಾಡಿದಾಗ, ಬುಶೂಂಗ್ ಮಕ್ಕಳು ಮರಳಿನ ಮೇಲೆ ಬೆರಳು ಎತ್ತದೆ ಒಂದೇ ಎಳೆಯಲ್ಲಿ ಸಿಕ್ಕುಸಿಕ್ಕಾದ ಜಾಲವನ್ನು ಬರೆಯುವುದನ್ನು ಕಂಡು, ತನಗೂ ಬರೆಯಲು ಹೇಳಿದಾಗ ತಬ್ಬಿಬ್ಬಾದುದನ್ನು ದಾಖಲಿಸಿದ್ದಾನೆ. ಹೊಸ ಅರಸ ಪಟ್ಟಕ್ಕೆ ಬಂದಾಗ ತನ್ನ ನಗಾರಿಗೆ ಹೊಸದೊಂದು ವಿನ್ಯಾಸ ಕೊಡಬೇಕೆಂಬ ನಿರೀಕ್ಷೆಯಿತ್ತು. ವಿನ್ಯಾಸ ಹುಟ್ಟಿಸುವುದು ಅಲ್ಲಿ ಆಳುವವನ ಲಕ್ಷಣ.

ಇದಕ್ಕೆ ಹೊಂದುವ ಕಥೆಯೊಂದನ್ನು ಕುಬಾ ಕಲೆಯ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. 1920ರ ದಶಕದಲ್ಲಿ ಮಿಷನರಿಗಳು ರಾಜನಿಗೆ ಮೊಟ್ಟಮೊದಲ ಬಾರಿಗೆ ಮೋಟಾರ್‌ಸೈಕಲ್ ತೋರಿಸಿದರಂತೆ. ಯಂತ್ರವನ್ನು ಕಂಡು ಅವನು ಬೆಚ್ಚಿಬೀಳಲಿಲ್ಲ, ಆಸಕ್ತಿಯನ್ನೂ ತೋರಲಿಲ್ಲ. ಆದರೆ ಟೈರು ಮರಳಿನ ಮೇಲೆ ಬಿಟ್ಟುಹೋದ ಅಚ್ಚನ್ನು ನೋಡಿ ನಿಂತುಬಿಟ್ಟ. ಆ ವಿನ್ಯಾಸವನ್ನು ಬರೆಸಿಕೊಂಡು ಅದಕ್ಕೆ ತನ್ನ ಹೆಸರಿಟ್ಟ.

ಗಣಿತಜ್ಞರೂ ಈ ಬಟ್ಟೆಗಳ ಕಡೆ ತಿರುಗಿದರು. ಒಂದು ಆಕೃತಿಯನ್ನು ಸಮತಲದ ಮೇಲೆ ಎಡೆಬಿಡದೆ ಪುನರಾವರ್ತಿಸಲು ಮೂಲಭೂತವಾಗಿ 17 ರೀತಿಗಳಷ್ಟೇ ಇವೆ, ಪಟ್ಟಿಯ ಉದ್ದಕ್ಕೆ ಪುನರಾವರ್ತಿಸಲು 7 ರೀತಿಗಳು. ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲವೆಂದು ಸಾಬೀತಾಗಿದೆ. ಅಮೆರಿಕದ ಡೊನಾಲ್ಡ್ ಕ್ರೋವ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುಬಾ ಬಟ್ಟೆ, ಕೆತ್ತನೆಗಳನ್ನು ಒಂದೊಂದಾಗಿ ವಿಂಗಡಿಸಿ ನೋಡಿದರು. ಪಟ್ಟಿಯ ಏಳಕ್ಕೆ ಏಳೂ ಸಿಕ್ಕವು, ಸಮತಲದ ಹದಿನೇಳರಲ್ಲಿ ಹನ್ನೆರಡು ಸಿಕ್ಕವು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಸೂಜಿಯ ತುದಿಯಲ್ಲಿ ಇದನ್ನೆಲ್ಲ ಕಂಡುಕೊಂಡಿದ್ದರು ಎಂಬುದು ಹೆಮ್ಮೆಯಿಂದ ಹೇಳಬೇಕಾದ ಸಂಗತಿ. ಆದರೆ ಗಣಿತದ ಬಲೆಗೆ ಸಿಕ್ಕುವುದು ವಿನ್ಯಾಸ ನೆಟ್ಟಗೆ ನಡೆಯುವಷ್ಟು ದೂರ ಮಾತ್ರ. ಅದು ನಿಯಮ ಮುರಿದು ಹೊರಳುವ ಜಾಗ ಯಾವ ವರ್ಗೀಕರಣಕ್ಕೂ ನಿಲುಕುವುದಿಲ್ಲ. ನಮ್ಮ ಕಣ್ಣು ಹೋಗಿ ನಿಲ್ಲುವುದು ಆ ಜಾಗದಲ್ಲೇ.

ವಿನ್ಯಾಸಗಳಿಗೆ ಹೆಸರುಗಳಿವೆ. ಕೆಲವಕ್ಕೆ ಮೂಲಪುರುಷ ವೂಟ್‌ನ ಹೆಸರು, ಕೆಲವಕ್ಕೆ ಅದನ್ನು ಮೊದಲು ಮಾಡಿದವರ ಹೆಸರು. ಒಂದೇ ವಿನ್ಯಾಸಕ್ಕೆ ಎರಡು ಊರುಗಳಲ್ಲಿ ಎರಡು ಹೆಸರು ಇರುವುದು ಮಾಮೂಲು. ‘ಇದರ ಅರ್ಥವೇನು?’ ಎಂದು ಪ್ರತಿಯೊಂದು ಗೆರೆಗೂ ಗೂಢಾರ್ಥ ಹಚ್ಚಲು ಹೊರಟ ಪುಸ್ತಕಗಳನ್ನು ಅನುಮಾನದಿಂದಲೇ ಓದಬೇಕು.

ಯಾರದು ಈ ಬಟ್ಟೆ?

ಗಂಡಸರ ಉಡುಗೆಗೆ ‘ಮಪೆಲ್’, ಹೆಂಗಸರದಕ್ಕೆ ‘ನ್‌ಚಾಕ್’. ಗಂಡಸರದು ಹೆಚ್ಚು ಉದ್ದ. ಅದನ್ನು ಸೊಂಟದ ಸುತ್ತ ನೆರಿಗೆ ಹಿಡಿದು, ಮೇಲಂಚನ್ನು ನಡುಪಟ್ಟಿಯ ಮೇಲೆ ಮಗುಚಿ ಉಡುತ್ತಾರೆ. ಅಂಚಿಗೆ ನಾರಿನ ಕುಚ್ಚುಗಳು. ಹೆಂಗಸರು ತಮ್ಮದನ್ನು ಮೈಸುತ್ತ ಎರಡು ಮೂರು ಸುತ್ತು ಸುತ್ತಿಕೊಳ್ಳುತ್ತಾರೆ, ಮೇಲೊಂದು ಚಿಕ್ಕ ಮೇಲುಡುಗೆ. ಗಂಡಸರ ಉಡುಗೆ ಹೊಲಿಯುವವರು ಗಂಡಸರೇ, ಹೆಂಗಸರದನ್ನು ಹೆಂಗಸರು. ಸುತ್ತಿಕೊಂಡಾಗ ಒಳಗಿನ ಸುತ್ತುಗಳ ಕುಸುರಿ ಯಾರಿಗೂ ಕಾಣುವುದಿಲ್ಲ. ಕುಣಿಯುವಾಗ ಅಂಚು ಹಾರಿದರೆ ಒಂದು ಮಿಂಚು ಕಂಡರೆ ಕಂಡೀತು. ಗೋಡೆಯ ಮೇಲೆ ಏಳು ಮೀಟರ್ ಉದ್ದಕ್ಕೂ ಬಿಡಿಸಿ ಹಾಕಿದ ಲಂಗವನ್ನು ನಾವು ಒಂದೇ ನೋಟಕ್ಕೆ ನೋಡುತ್ತೇವೆ. ಅದನ್ನು ಮಾಡಿದವರು ಹಾಗೆ ನೋಡಿಸಬೇಕೆಂದು ಮಾಡಿದ್ದಲ್ಲ.

1980ರ ದಶಕದಲ್ಲಿ ಈ ಸೀಮೆಯಲ್ಲಿ ಉಳಿದು ಅಧ್ಯಯನ ಮಾಡಿದ ಅಮೆರಿಕದ ಪೆಟ್ರಿಷಿಯಾ ಡ್ಯಾರಿಶ್ 1989ರಲ್ಲಿ ಪ್ರಕಟಿಸಿದ ಬರಹ ಈ ಬಟ್ಟೆಯ ಬಗ್ಗೆ ನಾನು ಓದಿದ್ದರಲ್ಲೆಲ್ಲ ಮುಖ್ಯವಾದುದು. ಅದುವರೆಗೆ ಎಲ್ಲರೂ ಬಟ್ಟೆಯ ಮೇಲ್ಮೈ ನೋಡುತ್ತಿದ್ದರು. ಅವರು ಬಟ್ಟೆಯ ಒಡೆತನ ಯಾರದು ಎಂದು ಕೇಳಿದರು. ಉತ್ತರ: ಒಬ್ಬರದಲ್ಲ. ಕುಬಾ ಜನರಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ. ಒಂದು ಬಳಿಯ, ಅಂದರೆ ಕುಲದ, ಗಂಡಸು ನೇಯ್ದ ತುಂಡುಗಳನ್ನು ಅದೇ ಬಳಿಯ ಹೆಂಗಸರು ಹಂಚಿಕೊಂಡು ಕಸೂತಿ ಹಾಕುತ್ತಾರೆ. ತಾಯಿ ಅರ್ಧ ಮಾಡಿಟ್ಟದ್ದನ್ನು ಮಗಳು ಮುಗಿಸಬಹುದು. ಒಂದೇ ಲಂಗದಲ್ಲಿ ಪಕ್ಕಪಕ್ಕದ ತುಂಡುಗಳ ಹೊಲಿಗೆ, ಹದ, ಕೆಂಪಿನ ಗಾಢತೆ ಬೇರೆ ಬೇರೆ ಇರುವುದು ಇದರಿಂದಲೇ. ಹಲವು ಕೈಗಳು ಕೂಡಿ ಮಾಡಿದ್ದನ್ನು ಒಬ್ಬರು ತಮ್ಮಿಷ್ಟಕ್ಕೆ ಮಾರುವಂತಿಲ್ಲ, ಕೊಡುವಂತಿಲ್ಲ. ಅದು ಬಳಿಯ ಆಸ್ತಿ.

ಆಸ್ತಿ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ರಾಫಿಯಾ ಬಟ್ಟೆಯ ಚೌಕಗಳು ಹಿಂದೆ ಹಣವಾಗಿ ಚಲಾವಣೆಯಲ್ಲಿದ್ದವು. ರಾಜನಿಗೆ ಕಪ್ಪ, ನ್ಯಾಯಪಂಚಾಯಿತಿಯಲ್ಲಿ ದಂಡ, ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ಕೊಡುವುದು ಎಲ್ಲ ಬಟ್ಟೆಯಲ್ಲಿ. ಮುಂದೆ ಹಿಂದೂ ಮಹಾಸಾಗರದ ಕವಡೆ ವ್ಯಾಪಾರದ ದಾರಿಯಲ್ಲಿ ಕೈಯಿಂದ ಕೈಗೆ ಸಾಗಿ ಈ ಒಳನಾಡಿಗೂ ಬಂತು, ಹಣವಾಯಿತು, ಅರಸನ ಉಡುಗೆಯ ಮೇಲೂ ಏರಿತು. ಮಾಲ್ಡೀವ್ಸ್ ಕಡಲಿನ ಕವಡೆ ಕುಬಾ ರಾಜನ ಮೈಮೇಲೆ ಹೊಳೆಯುವುದನ್ನು ಹಳೆಯ ಛಾಯಾಚಿತ್ರಗಳಲ್ಲಿ ಕಾಣಬಹುದು.

ಸಾವಿನ ದಿನ ಈ ಆಸ್ತಿಯ ಲೆಕ್ಕ ಹೊರಬರುತ್ತದೆ. ಸತ್ತವರನ್ನು ಶವಪೆಟ್ಟಿಗೆಯಲ್ಲಿ ಇಡುವ ಮೊದಲು ಪದರ ಪದರವಾಗಿ ರಾಫಿಯಾ ಉಡುಗೆ ತೊಡಿಸುತ್ತಾರೆ. ಪೇಟೆಯಿಂದ ತಂದ ಗಿರಣಿ ಬಟ್ಟೆ ಆ ದಿನ ನಡೆಯುವುದಿಲ್ಲ. ಸತ್ತವರ ನಾಡಿನಲ್ಲಿ ಹಿರಿಯರು ನಮ್ಮವರನ್ನು ಗುರುತು ಹಿಡಿಯುವುದು ಉಡುಗೆಯಿಂದ, ಸರಿಯಾಗಿ ಉಡದೆ ಹೋದವರು ಬೆತ್ತಲೆ ಹೋದ ಹಾಗೆ ಎಂಬುದು ನಂಬಿಕೆ. ಎಂಥ ಬಟ್ಟೆ ಕೊಡಬೇಕು, ಎಷ್ಟು ಕೊಡಬೇಕು ಎಂಬುದರ ಮೇಲೆ ಬಂಧುಗಳ ನಡುವೆ ಚರ್ಚೆಯೂ ನಡೆಯುತ್ತದೆ, ಏಕೆಂದರೆ ಹೂತದ್ದು ಮತ್ತೆ ಬರುವುದಿಲ್ಲ. ಇನ್ನೊಂದು ಸಾವು ಬರುವಷ್ಟರಲ್ಲಿ ಮತ್ತೆ ನೇಯಬೇಕು, ಮತ್ತೆ ಹೊಲಿಯಬೇಕು. ಪ್ಯಾಂಟು ಶರ್ಟು, ಅಚ್ಚಿನ ಬಟ್ಟೆಗಳು ದಿನಬಳಕೆಗೆ ಬಂದು ಎಷ್ಟೋ ಕಾಲವಾದ ಮೇಲೂ ಕುಬಾ ಸೀಮೆಯಲ್ಲಿ ಮಗ್ಗ ನಿಲ್ಲದಿರಲು ಕಾರಣ ಇದು. ಮಾರುಕಟ್ಟೆಗಿಂತ ಸಾವೇ ಈ ಕಸುಬನ್ನು ಹೆಚ್ಚು ಸಾಕಿದೆ.

ಹೊರಗಿನವರು ಬಂದರು

ಕುಬಾ ರಾಜಧಾನಿಗೆ ಹೊರಗಿನವರಿಗೆ ಪ್ರವೇಶವಿರಲಿಲ್ಲ. ದಾರಿ ತೋರಿಸಿದವನ ತಲೆ ಉರುಳುತ್ತಿತ್ತು. 1892ರಲ್ಲಿ ಅಲ್ಲಿಗೆ ತಲುಪಿದವರು ವಿಲಿಯಂ ಶೆಪರ್ಡ್, ವರ್ಜೀನಿಯಾದಲ್ಲಿ ಹುಟ್ಟಿದ ಕರಿಯ ಅಮೆರಿಕನ್ನರು, ಪ್ರೆಸ್ಬಿಟೇರಿಯನ್ ಮಿಷನರಿ. ಅವರು ಹೂಡಿದ ಉಪಾಯ ಮೊಟ್ಟೆಯದು. ಒಂದೂರಿನಲ್ಲಿ ಇದ್ದಬದ್ದ ಮೊಟ್ಟೆಯನ್ನೆಲ್ಲ ಕೊಂಡು, ಇನ್ನೂ ಬೇಕೆಂದು ಮುಂದಿನ ಸಂತೆಗೆ ಆಳು ಕಳಿಸಿ, ಅವನ ಹೆಜ್ಜೆಯ ಜಾಡು ಹಿಡಿದು ಊರಿಂದ ಊರಿಗೆ ನಡೆದರು. ಕುಬಾ ಮಾತನ್ನೂ ಕಲಿತಿದ್ದರು. ಕೊನೆಗೆ ರಾಜನ ಕಡೆಯವರು ಹಿಡಿದಾಗ, ಹಿಂದೆ ಸತ್ತುಹೋದ ಅರಸನೊಬ್ಬನೇ ಮತ್ತೆ ಹುಟ್ಟಿ ಬಂದಿದ್ದಾನೆ ಎಂದು ಆಸ್ಥಾನ ತೀರ್ಮಾನಿಸಿ ಗೌರವದಿಂದ ಬರಮಾಡಿಕೊಂಡಿತು. ಅಲ್ಲಿ ನಾಲ್ಕು ತಿಂಗಳು ಇದ್ದರು. ಅವರು ಸಂಗ್ರಹಿಸಿದ ಬಟ್ಟೆ, ಬಟ್ಟಲು, ಕತ್ತಿಗಳು ಅವರು ಓದಿದ್ದ ಹ್ಯಾಂಪ್ಟನ್ ವಿದ್ಯಾಸಂಸ್ಥೆಗೆ ಸೇರಿದವು. ಅವು ಇಂದಿಗೂ ಹ್ಯಾಂಪ್ಟನ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿವೆ.

ಶೆಪರ್ಡ್ ಕಂಡ ಆ ಸಿರಿವಂತ ರಾಜ್ಯ ಹತ್ತು ವರ್ಷವೂ ನೆಮ್ಮದಿಯಿಂದ ಇರಲಿಲ್ಲ. ಬೆಲ್ಜಿಯಂನ ಎರಡನೆಯ ಲಿಯೊಪೋಲ್ಡ್ ರಾಜನ ರಬ್ಬರ್ ಆಡಳಿತ ಕಸಾಯ್‌ಗೂ ಬಂತು. 1899ರಲ್ಲಿ ಪ್ಯಾಂಗ್ ಜನರ ಹಳ್ಳಿಗಳ ಮೇಲೆ ಸರ್ಕಾರದ ಪರವಾದ ಜಾಪೊ ಜಾಪ್ ಪಡೆ ದಾಳಿ ಮಾಡಿದಾಗ, ವಿಚಾರಿಸಲು ಹೋದ ಶೆಪರ್ಡ್ ಅಲ್ಲಿ ಹೊಗೆಯಲ್ಲಿ ಒಣಗಿಸಲು ಇಟ್ಟಿದ್ದ ಬಲಗೈಗಳನ್ನು ಎಣಿಸಿದರು. 81 ಇದ್ದವು. 1900ರಲ್ಲಿ ರಾಜಧಾನಿಯೇ ಲೂಟಿಯಾಯಿತು. 1904ರಲ್ಲಿ ಕುಬಾ ಜನ ದಂಗೆ ಎದ್ದರು, ಅದನ್ನು ಅಡಗಿಸಲಾಯಿತು. 1908ರಲ್ಲಿ ಶೆಪರ್ಡ್ ರಬ್ಬರ್ ಕಂಪನಿಯ ದೌರ್ಜನ್ಯವನ್ನು ಬರೆದು ಪ್ರಕಟಿಸಿದ್ದಕ್ಕೆ ಅವರ ಮೇಲೆ ಮಾನನಷ್ಟ ಮೊಕದ್ದಮೆ ಬಿತ್ತು. ಮರುವರ್ಷ ಖುಲಾಸೆಯಾದರು. ಯುರೋಪಿನ ಸಂಗ್ರಹಗಳಿಗೆ ಕುಬಾ ಬಟ್ಟೆಗಳು ರಾಶಿ ರಾಶಿಯಾಗಿ ಹರಿದದ್ದು ಸರಿಯಾಗಿ ಇದೇ ವರ್ಷಗಳಲ್ಲಿ ಮತ್ತು ಇದರ ನಂತರ. ಎಲ್ಲವೂ ಲೂಟಿಯೇ ಅಲ್ಲ, ಕೊಂಡದ್ದಿದೆ, ಅರಸರೇ ಕೊಟ್ಟದ್ದಿದೆ. ಆದರೆ ಯಾವ ಕಾಲದಲ್ಲಿ ಕೊಂಡರು, ಯಾವ ಸ್ಥಿತಿಯಲ್ಲಿದ್ದವರಿಂದ ಕೊಂಡರು ಎಂಬುದನ್ನು ಮರೆತು ಈ ಬಟ್ಟೆಗಳ ಚೆಲುವನ್ನು ಮಾತ್ರ ಹೊಗಳುವುದು ನನಗೆ ಒಪ್ಪಿಗೆಯಿಲ್ಲ.

ಆಫ್ರಿಕಾದ ಕಲೆಗೆ ಮಾರುಹೋದ ಪ್ಯಾರಿಸ್‌ನ ಚಿತ್ರಕಾರರ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಚುಟುಕಾಗಿ ಮುಗಿಸುತ್ತೇನೆ. ಅವರಲ್ಲಿ ಈ ಬಟ್ಟೆಯ ಜೊತೆ ನಿಜವಾಗಿ ಬದುಕಿದವರು ಆನ್ರಿ ಮಾತಿಸ್. ಅವರು ಬೆಳೆದದ್ದೇ ಉತ್ತರ ಫ್ರಾನ್ಸಿನ ನೇಕಾರರ ಊರಿನಲ್ಲಿ, ಮನೆತನದ ಹಿಂದಿನವರು ಮಗ್ಗದವರು. ವಾನ್ಸ್ ಊರಿನ ಮನೆಯಲ್ಲಿ ಕುಬಾ ಮಖಮಲ್ಲುಗಳು ಗೋಡೆ ತುಂಬ ನೇತಾಡುತ್ತಿದ್ದುದು ಛಾಯಾಚಿತ್ರಗಳಲ್ಲಿದೆ. ಬಣ್ಣದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಚಿತ್ರ ಕಟ್ಟುವ ಅವರ ಕೊನೆಗಾಲದ ಕೃತಿಗಳು ಹುಟ್ಟಿದ ವರ್ಷಗಳವು. ಗುರುವಿನ ಹೆಸರು ಗೊತ್ತಿಲ್ಲದ ಶಿಷ್ಯತನ ಅದು.

ಹೆಸರು ಗೊತ್ತಿಲ್ಲ ಎಂಬುದೇ ಇವತ್ತಿಗೂ ಕೊರಗು. ವಸ್ತುಸಂಗ್ರಹಾಲಯದ ಚೀಟಿಗಳಲ್ಲಿ ತಂದವನ ಹೆಸರಿರುತ್ತದೆ, ದಾನಿಯ ಹೆಸರಿರುತ್ತದೆ, ಇಸವಿ ಇರುತ್ತದೆ. ಮಾಡಿದವರ ಕಡೆ ‘ಕುಬಾ’ ಎಂದಷ್ಟೇ ಇರುತ್ತದೆ. ಬೆಲ್ಜಿಯಂ ಸರ್ಕಾರ 2022ರಲ್ಲಿ ತನ್ನ ಸಂಗ್ರಹದಲ್ಲಿರುವ ಸುಮಾರು 84,000 ಕಾಂಗೋ ವಸ್ತುಗಳ ಪಟ್ಟಿಯನ್ನು ಕಾಂಗೋ ಸರ್ಕಾರಕ್ಕೆ ಒಪ್ಪಿಸಿತು. ಕಿನ್ಶಾಸಾದಲ್ಲಿ 2019ರಲ್ಲಿ ಹೊಸ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆದಿದೆ. ವಸ್ತುಗಳು ಮರಳುವುದು ನಿಧಾನ, ಹೆಸರುಗಳು ಮರಳುವುದು ಅದಕ್ಕಿಂತ ಕಷ್ಟ. ಬಳಿಯ ಹೆಸರು, ಊರಿನ ಹೆಸರು, ನೇಯ್ದವರು ಗಂಡಸರು, ಕಸೂತಿ ಹಾಕಿದವರು ಹೆಂಗಸರು ಎಂಬಷ್ಟಾದರೂ ಚೀಟಿಯಲ್ಲಿ ಬರಬೇಕು. ಇಷ್ಟಕ್ಕೆ ಹೊಸ ಸಂಶೋಧನೆ ಏನೂ ಬೇಕಿಲ್ಲ.

ಈ ನಡುವೆ ಕುಬಾ ಸೀಮೆಯ ಬದುಕೂ ಸುಲಭವಾಗಿಲ್ಲ. 2016ರಲ್ಲಿ ಕಸಾಯ್ ಪ್ರದೇಶದಲ್ಲಿ ಶುರುವಾದ ಸಂಘರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಮಾರಾಟಕ್ಕೆಂದೇ ಮಾಡುವ ಮಖಮಲ್ಲಿನ ಚೌಕಗಳು ಎಷ್ಟೋ ಹೆಂಗಸರಿಗೆ ಕೈಗೆ ನಾಲ್ಕು ಕಾಸು ತರುತ್ತವೆ, ಅದನ್ನು ಕೀಳಾಗಿ ಕಾಣುವುದು ಸಲ್ಲದು. ಹೊಲಿಗೆ ದೊಡ್ಡದಾಗಿದೆ, ಅವಸರ ಕಾಣುತ್ತದೆ ಎಂದು ಸಂಗ್ರಾಹಕರು ಮೂಗು ಮುರಿಯುತ್ತಾರೆ. ದರಕ್ಕೆ ತಕ್ಕ ಕೆಲಸ ಅಷ್ಟೇ, ಅದೇ ಹೆಂಗಸು ತನ್ನ ಬಳಿಯ ಸಾವಿಗೆ ಮಾಡುವ ಹೊಲಿಗೆ ಬೇರೆಯೇ ಇರುತ್ತದೆ. ನನಗೆ ಸಂಕಟವಾಗುವುದು ಬೇರೊಂದು ವ್ಯಾಪಾರದಿಂದ: ಹಳೆಯ ಉದ್ದನೆಯ ಲಂಗಗಳನ್ನು ತುಂಡುತುಂಡಾಗಿ ಕತ್ತರಿಸಿ ದಿಂಬಿನ ಕವರು, ಗೋಡೆಯ ಅಲಂಕಾರ ಮಾಡಿ ಮಾರುವುದು. ಹಲವು ಕೈಗಳು ವರ್ಷಗಟ್ಟಲೆ ಜೋಡಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಬೇರ್ಪಡಿಸುವ ಕೆಲಸ ಅದು.

ಆನ್‌ಲೈನ್ ಅಂಗಡಿಗಳಲ್ಲಿ ‘ಕುಬಾ ಕ್ಲಾತ್’ ಎಂಬ ಹೆಸರಿನಲ್ಲಿ ಇಂಥ ದಿಂಬಿನ ಕವರು ಕಣ್ಣಿಗೆ ಬಿದ್ದರೆ ದಯವಿಟ್ಟು ಕೊಳ್ಳಬೇಡಿ. ಕೊಳ್ಳಲೇಬೇಕೆನಿಸಿದರೆ ಇಡಿಯಾದ ಚೌಕವನ್ನು ಕೊಳ್ಳಿ, ಎಲ್ಲಿಂದ ಬಂತು, ಯಾರು ಮಾಡಿದ್ದು ಎಂದು ಅಂಗಡಿಯವರನ್ನು ಕೇಳಿ. ನೋಡುವ ಆಸೆಯಷ್ಟೇ ಇದ್ದರೆ ದುಡ್ಡು ಬೇಕಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಸ್ಮಿತ್ಸೋನಿಯನ್ ಸಂಗ್ರಹಗಳ ಜಾಲತಾಣಗಳಲ್ಲಿ ಕುಬಾ ಬಟ್ಟೆಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಚೌಕದ ಮಖಮಲ್ಲುಗಳ ಮುಂದೆಯೇ ನಿಲ್ಲದೆ ಉದ್ದನೆಯ ಹೆಂಗಸರ ಲಂಗ ಒಂದನ್ನು ಹುಡುಕಿ, ಚಿತ್ರವನ್ನು ಹಿಗ್ಗಿಸಿ, ತುಂಡು ತುಂಡಿನ ನಡುವಿನ ಜೋಡಣೆಯ ಮೇಲೆ ಕಣ್ಣು ನಡೆಸಿ. ಒಬ್ಬಳ ಕೈ ಮುಗಿದು ಇನ್ನೊಬ್ಬಳ ಕೈ ಶುರುವಾಗುವ ಜಾಗ ಅಲ್ಲಿ ಸಿಗುತ್ತದೆ.